ಗ್ರಹಣದ ಒನಕೆ ಮಾಮೂಲಿ ದಿನ ನಿಲ್ಲುತ್ತಾ?

ಸಂಜೆ ಹೊತ್ತು ಏಳು ಎಂಟನೇ ಕ್ಲಾಸ್ ಮಕ್ಕಳಿಗೆ ಮನೇಲೇ ಪಾಠ ಹೇಳ್ಕೊಡ್ತೀನಿ. 2022ರ ಅಕ್ಟೋಬರ್ 25ರ ಸೂರ್ಯಗ್ರಹಣ ನೆನಪಿರ್ಬೇಕಲ್ವಾ, ದೀಪಾವಳಿ ಮಧ್ಯೆನೇ ಬಂದಿತ್ತು, ಆಗ ಮಕ್ಕಳೆಲ್ಲ ಒಂದೇ ವಿಡಿಯೋ ಮಾತಾಡ್ಕೊಂಡು ಬಂದ್ರು, ತಟ್ಟೆಗೆ ನೀರು ಹಾಕಿ ಒನಕೆ ಇಟ್ರೆ ಗ್ರಹಣ ಹಿಡಿದಾಗ ನೆಟ್ಟಗೆ ನಿಲ್ಲುತ್ತೆ, ಬಿಟ್ಟ ತಕ್ಷಣ ಬೀಳುತ್ತೆ ಅಂತ. ಸುಳ್ಳು ಕಣ್ರೋ ಅಂತ ನಾನು ಹೇಳ್ಲಿಲ್ಲ. ಹೇಳಿದ್ರೆ ಅಜ್ಜಿ ಮಾತು ಬಿಟ್ಟು ನನ್ ಮಾತು ನಂಬ್ತಾರೆ ಅಷ್ಟೇ, ಯೋಚನೆ ಮಾಡೋದು ಎಲ್ಲಿ ಕಲಿತಂಗಾಯ್ತು? "ಗ್ರಹಣ ಇಲ್ದಿರೋ ದಿನ ಯಾರಾದ್ರೂ ನಿಲ್ಸಿ ನೋಡಿದೀರಾ" ಅಂತ ಕೇಳ್ದೆ. ಯಾರೂ ನೋಡಿರ್ಲಿಲ್ಲ.

ಆ ಭಾನುವಾರ ಒಬ್ರ ಮನೆಯಿಂದ ಒನಕೆ ಬಂತು. ಮೊದ್ಲು ಎಲ್ರೂ ನಿಲ್ಲುತ್ತೋ ಬೀಳುತ್ತೋ ಅಂತ ಚೀಟೀಲಿ ಬರೀಬೇಕು, ಇದನ್ನ ನಾನು ಬಿಡೋದೇ ಇಲ್ಲ, ಯಾಕಂದ್ರೆ ಬರೆದಿಡದಿದ್ರೆ ಆಮೇಲೆ ಎಲ್ರೂ ನಂಗೆ ಮೊದ್ಲೇ ಗೊತ್ತಿತ್ತು ಅಂತಾರೆ. ನಿಲ್ತು. ಒಬ್ಬ ಹುಡುಗ ಒಪ್ಲಿಲ್ಲ, "ಗ್ರಹಣದ ಎಫೆಕ್ಟ್ ಇನ್ನೂ ಇರ್ಬೋದು ಮಿಸ್" ಅಂದ. ಉಳಿದೋರು ನಗೋಕೆ ಶುರು ಮಾಡಿದ್ರು, ನಾನು ಬಿಡ್ಲಿಲ್ಲ, ಅದು ನಿಜವಾಗ್ಲೂ ಒಳ್ಳೇ ಅನುಮಾನ. ಎಷ್ಟು ದಿನ ಇರುತ್ತೆ, ಹೆಂಗೆ ಕಂಡುಹಿಡಿತೀಯ ನೀನೇ ಹೇಳು ಅಂದೆ. ನವೆಂಬರ್ 8ಕ್ಕೆ ಚಂದ್ರಗ್ರಹಣ ಬೇರೆ ಇತ್ತು, ಅದೂ ಮುಗೀಲಿ ಅಂತ ಕಾದು ಡಿಸೆಂಬರಲ್ಲಿ ಮತ್ತೆ ನಿಲ್ಸಿದ, ನೀರಿಲ್ದೆ ನಿಲ್ಸಿದ, ತಟ್ಟೆ ಇಲ್ದೆ ನಿಲ್ಸಿದ, ಇಳಿಜಾರಿರೋ ಅಂಗಳದಲ್ಲಿ ಮಾತ್ರ ಬಿತ್ತು. ಇನ್ನೊಂದು ಮನೆ ಒನಕೆ ಬುಡ ಸವೆದು ದುಂಡಗಾಗಿತ್ತು, ಅದು ಎಲ್ಲೂ ನಿಲ್ಲಲಿಲ್ಲ. ಬುಡ ಚಪ್ಪಟೆ ಇರ್ಬೇಕು, ನೆಲ ಸಮ ಇರ್ಬೇಕು, ಅಷ್ಟೇ ಅಂತ ಅವನ ಬಾಯಿಂದಲೇ ಬಂತು.

ಒಬ್ರು ಪೋಷಕರಿಗೆ ಬೇಜಾರಾಯ್ತು, ಸಂಪ್ರದಾಯನೆಲ್ಲ ಪ್ರಶ್ನೆ ಮಾಡೋದು ಕಲಿಸ್ತೀರಲ್ಲ ಅಂತ. ವೈಜ್ಞಾನಿಕ ಮನೋಭಾವ ಬೆಳೆಸ್ಕೊಳ್ಳೋದು ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ವಿಧೀಲೇ ಇದೆ, ಆದ್ರೆ ವಾದಕ್ಕಿಳಿಯೋ ಬದ್ಲು ನೀವೇ ಬಂದು ನಿಲ್ಸಿ ನೋಡಿ ಅಂತ ಕರೆದೆ. ಬಂದ್ರು, ನಿಲ್ಸಿದ್ರು.

ಹೈಸ್ಕೂಲ್ ಮುಗಿಸ್ತಿರೋ ಮಕ್ಕಳಿಗೆ ಒನಕೆ ಸಾಲಲ್ಲ, ಅವರ ಕೈಗೆ ಜಾಹೀರಾತು ಕೊಡ್ತೀನಿ. ಈ ಪುಡಿ ಕುಡಿದ್ರೆ ಎತ್ತರ ಆಗ್ತಾರೆ ಅಂತಾರಲ್ಲ, ಕುಡೀದೆ ಇರೋ ಮಕ್ಕಳು ಬೆಳೆಯಲ್ವಾ? ಕೋಚಿಂಗ್ ಸೆಂಟರ್ ಬ್ಯಾನರಲ್ಲಿ ರ‍್ಯಾಂಕ್ ಬಂದೋರ ಫೋಟೋ ಇರುತ್ತೆ, ಒಟ್ಟು ಸೇರಿದ್ದು ಎಷ್ಟು ಜನ ಅಂತ ಎಲ್ಲಿ ಬರೆದಿದೆ? ಮೊನ್ನೆ ಒಬ್ಳು ಅಂಥ ಒಂದು ಸೆಂಟರ್‌ಗೇ ಫೋನ್ ಮಾಡಿ ಇದನ್ನ ಕೇಳಿದ್ಲು, ಅವರು ಹೇಳ್ಲಿಲ್ಲ, ಈಗ ಅಪ್ಪನ್ನ ಕೂರಿಸ್ಕೊಂಡು ಬೇರೆ ಕಡೆ ವಿಚಾರಿಸ್ತಿದಾಳೆ.