ಫೀಲ್ಡಿಗೆ ಹೊರಡುವ ಮೊದಲಿನ ವಾರ: ನನ್ನ ಅನುಭವ

ಸೈನಿಕನು ಫೀಲ್ಡ್ ಪೋಸ್ಟಿಂಗಿಗೆ (ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಗಡಿ ಮುಂತಾದ ಕಡೆಯ ನಿಯೋಜನೆಗೆ) ಹೊರಡುವ ಮುನ್ನ ಮನೆಯವರನ್ನೆಲ್ಲ ಕೂರಿಸಿ ಸಂಬಳ, ನಾಮಿನೇಷನ್ (ತಾನು ತೀರಿಕೊಂಡರೆ ಹಣ ಯಾರಿಗೆ ಸೇರಬೇಕೆಂದು ಬರೆದುಕೊಡುವುದು), ಜಮೀನುಗಳ ವಿಷಯ ಇತ್ಯರ್ಥ ಮಾಡಿಸುವ ಕೆಲಸವನ್ನು ನಾನು ಜಗಳೂರು, ಹರಿಹರ ಕಡೆಯ ಹಳ್ಳಿಗಳಲ್ಲಿ ಆರಂಭಿಸಿದಾಗ ನಮ್ಮ ಮಾಜಿ ಸೈನಿಕರ ಬಳಗದ ಹಿರಿಯರೇ ಒಪ್ಪಲಿಲ್ಲ. ಹೊರಟವನ ಮುಂದೆ ನಾಮಿನೇಷನ್ ಮಾತೆತ್ತುವುದು ಅಪಶಕುನವೆಂದೂ, ಅತ್ತೆ ಸೊಸೆಯರ ನಡುವೆ ಹೊರಗಿನವರು ಹಣದ ಪ್ರಸ್ತಾಪ ಮಾಡಿದರೆ ಮನೆ ಒಡೆಯುತ್ತದೆಂದೂ ಹೇಳಿದರು. ಇದುವರೆಗೆ ಅಂದಾಜು ಅರವತ್ತು ಮನೆಗಳಾಗಿವೆ, ಒಂದೂ ಒಡೆದಿಲ್ಲ. ಅದೇ ಹಿರಿಯರು ಈಗ ತಮ್ಮ ಮೊಮ್ಮಕ್ಕಳಿಗಾಗಿ ನನ್ನನ್ನು ಕರೆಸುತ್ತಾರೆ.

ಮೊದಲು ಬಳಗವು ಬೀಳ್ಕೊಡುಗೆ ಸಮಾರಂಭ ಮಾಡುತ್ತಿತ್ತು. ಫ್ಲೆಕ್ಸ್, ಹಾರ, ಶಾಮಿಯಾನಕ್ಕೆ ಒಂದೊಂದು ಸಲ ಎಂಟು ಹತ್ತು ಸಾವಿರ ರೂಪಾಯಿ ಹೋಗುತ್ತಿತ್ತು. ಯೂನಿಟ್ಟಿನ ಹೆಸರನ್ನೂ ಹೋಗುವ ಜಾಗವನ್ನೂ ಬೀದಿಯಲ್ಲಿ ಬರೆದು ಹಾಕುವುದು ಭದ್ರತೆಗೇ ವಿರುದ್ಧವಾದ ಕೆಲಸ. ಆಮೇಲೆ ದಿನಸಿ ಕಿಟ್ ಹಂಚಲಾಯಿತು; ಸುಮಾರು ನಲವತ್ತು ಸಾವಿರ ಖರ್ಚಾಯಿತು. ಆ ಮನೆಗಳಿಗೆ ಅಕ್ಕಿಬೇಳೆಯ ಕೊರತೆಯೇ ಇರಲಿಲ್ಲ. ಸಂಬಳ ಗಂಡನ ಖಾತೆಗೆ ಬೀಳುತ್ತಿತ್ತು, ಎಟಿಎಂ ಕಾರ್ಡು ಮೈದುನನ ಕಿಸೆಯಲ್ಲಿರುತ್ತಿತ್ತು, ಮಗುವಿನ ಔಷಧಿಗೂ ಸೊಸೆ ಕೈಚಾಚಬೇಕಿತ್ತು.

ಆದ್ದರಿಂದ ಮೊದಲು ಹಿಡಿದದ್ದು ಸಂಬಳವನ್ನು. ತಿಂಗಳ ಮೊದಲ ವಾರದಲ್ಲೇ ತಾಯಿಯ ಖಾತೆಗೆ ಐದಾರು ಸಾವಿರ, ಹೆಂಡತಿಯ ಖಾತೆಗೆ ಮನೆಖರ್ಚಿನ ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿಸುತ್ತೇನೆ. ತಾಯಿ ಇದಕ್ಕೆ ಮನಸಾರೆ ಒಪ್ಪುವಂತೆ ಮಾಡಲು ನನ್ನದೊಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಳಿಕ ಬ್ಯಾಂಕು, ಸೊಸೈಟಿ, ನಾಡಕಚೇರಿಯ ಕೆಲಸಗಳನ್ನು ಗಂಡ ಊರಲ್ಲಿರುವಾಗಲೇ ಹೆಂಡತಿ ಒಮ್ಮೆ ತಾನೊಬ್ಬಳೇ ಹೋಗಿ ಮುಗಿಸಿಕೊಂಡು ಬರಬೇಕು. ಗಂಡ ಜೊತೆಗೆ ಹೋದರೆ ಗುಮಾಸ್ತರು ಅವನೊಂದಿಗೇ ಮಾತನಾಡುತ್ತಾರೆ, ಅವಳಿಗೆ ಏನೂ ತಿಳಿಯುವುದಿಲ್ಲ.

ಇನ್ನು ಪಾರ್ಟ್ ಟು ಆರ್ಡರ್, ಅಂದರೆ ಮದುವೆ, ಮಕ್ಕಳ ಜನನದಂಥ ವಿವರಗಳನ್ನು ಸೈನಿಕನ ಸೇವಾ ದಾಖಲೆಗೆ ಸೇರಿಸುವ ಆದೇಶ. ಮದುವೆಯಾಗಿ ವರ್ಷ ಕಳೆದರೂ ಅದು ಆಗದಿರುವ ಮನೆಗಳು ನಾಲ್ಕರಲ್ಲಿ ಒಂದಾದರೂ ಸಿಗುತ್ತವೆ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಆಸ್ಪತ್ರೆಯಿಲ್ಲ. ಬಸುರಿ ಹೆಂಗಸು ಬೆಳಗಾವಿಗೋ ಬೆಂಗಳೂರಿಗೋ ಹೋದಾಗ ಆ ಆರ್ಡರಿನ ಆಧಾರದ ಮೇಲೆ ಸಿಗುವ ಡಿಪೆಂಡೆಂಟ್ ಕಾರ್ಡ್ (ಸೈನಿಕನ ಅವಲಂಬಿತರ ಗುರುತಿನ ಚೀಟಿ) ಇಲ್ಲದಿದ್ದರೆ ಅವಳ ಪಾಡೇನು?

ಜಮೀನಿನ ತಂಟೆಯಿರುವ ಮನೆಗಳಿಗೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯ ಪ್ರತಿಯನ್ನೂ ಕೊಡುತ್ತೇನೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನು ಹಾಜರಾಗಲಾರನೆಂದು ಜಿಲ್ಲಾಧಿಕಾರಿಯು ಪ್ರಮಾಣೀಕರಿಸಿದರೆ ಅವನ ಪರ ಯಾರೂ ಇಲ್ಲದ ದಾವೆಯನ್ನು ನ್ಯಾಯಾಲಯವು ಸಾಮಾನ್ಯವಾಗಿ ತಡೆಹಿಡಿಯುತ್ತದೆ. ಈ ಮಾತು ಕಿವಿಗೆ ಬಿದ್ದೊಡನೆ ಒಬ್ಬ ದಾಯಾದಿ ಬದುವಿನ ತಕರಾರನ್ನೇ ಕೈಬಿಟ್ಟನು.

ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದ್ದಾಯಿತು. ಟಿವಿಯಲ್ಲಿ ಗಡಿಯ ಸುದ್ದಿ ಬಂದ ರಾತ್ರಿ ವದಂತಿಗಳು ಹರಿದಾಡಿ ಹೆಂಗಸರು ನಿದ್ದೆಗೆಟ್ಟರು, ಗುಂಪನ್ನು ಮುಚ್ಚಿದೆ. ಈಗ ಗಂಡನ ಫೀಲ್ಡ್ ಅವಧಿಯನ್ನು ಒಮ್ಮೆ ಕಳೆದ ಹೆಣ್ಣುಮಗಳೊಬ್ಬಳು ಐದಾರು ಮನೆಗಳಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಯೂನಿಟ್ಟಿನ ರಿಯರ್ ಪಾರ್ಟಿಯ (ಯೂನಿಟ್ಟು ಫೀಲ್ಡಿಗೆ ಹೋದಾಗ ಹಿಂದೆ ಉಳಿಯುವ ತಂಡದ) ನಂಬರೂ ಅವಳಲ್ಲಿರುತ್ತದೆ. ಅಪ್ಪನ ಧ್ವನಿಯಲ್ಲಿ ಕಥೆಗಳನ್ನು ರೆಕಾರ್ಡ್ ಮಾಡಿಟ್ಟದ್ದು ಕೆಲವು ಮಕ್ಕಳಿಗೆ ಹಿಡಿಸಿತು, ಚಿಕ್ಕವು ಕೇಳಿ ಇನ್ನಷ್ಟು ಅತ್ತವು.

ಜೆರಾಕ್ಸ್, ನೋಟರಿ, ಓಡಾಟ ಸೇರಿ ಮನೆಯೊಂದಕ್ಕೆ ಸಾವಿರದಿಂದ ಸಾವಿರದ ಐನೂರು ತಗಲುತ್ತದೆ. ಅರ್ಧವನ್ನು ಸೈನಿಕನೇ ಕೊಡಬೇಕೆಂಬುದು ನನ್ನ ನಿಯಮ. ರಜೆ ಮುಗಿಯಲು ಎರಡು ದಿನವಿರುವಾಗ ಕರೆದರೆ ನಾನು ಹೋಗುವುದಿಲ್ಲ. ಬ್ಯಾಂಕಿನ ಕೆಲಸವೊಂದಕ್ಕೇ ಮೂರು ದಿನ ಬೇಕು.