ಕಾಜಾಣ ಹದ್ದಿನ ಮೇಲೆ ಎರಗುವ ಕ್ಷಣ ಸಿಗಬೇಕೇ?

ಕಾಜಾಣ ಹದ್ದನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ ಬೇಕೆಂದರೆ ಹದ್ದಿನ ಬೆನ್ನು ಹತ್ತಬೇಡಿ, ಕಾಜಾಣದ ಮೇಲೆ ಕಣ್ಣಿಡಿ. ಬೇಸಿಗೆಯಿಂದ ಮಳೆಗಾಲದವರೆಗೆ ಅದಕ್ಕೆ ಗೂಡಿನ ಕಾಲ, ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಂತಿಯ ಮೇಲೆ ಕವಲು ಬಾಲ ಇಳಿಬಿಟ್ಟು ಸುಮ್ಮನೆ ಕುಳಿತ ಹಕ್ಕಿ, ಹದ್ದು ಸುಳಿದೊಡನೆ ಮೈ ಬಿಗಿಹಿಡಿದು ಕತ್ತು ಚಾಚುತ್ತದೆ, ಕರ್ಕಶವಾಗಿ ಕೂಗುತ್ತದೆ. ಗುಂಡಿ ಒತ್ತಬೇಕಾದದ್ದು ಆಗಲೇ; ಹಾರಿದ ಮೇಲೆ ಒತ್ತಿದರೆ ಸಿಗುವುದು ಬರಿಯ ಆಕಾಶ. ಏಟು ಹೆಚ್ಚಾಗಿ ಮೇಲಿನಿಂದ, ಹಿಂದಿನಿಂದ ಬೀಳುವುದರಿಂದ ಚೌಕಟ್ಟಿನಲ್ಲಿ ಹದ್ದಿನ ಬೆನ್ನ ಮೇಲೆ ಧಾರಾಳವಾಗಿ ಜಾಗ ಬಿಡಿ.

ಶಟರ್ ವೇಗ 1/2000 ಸೆಕೆಂಡ್ ಇರಲಿ, ಫೋಕಸ್ ಚಲಿಸುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ನಿರಂತರ ಮೋಡ್‌ನಲ್ಲಿರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿ ಚಿತ್ರ ಸ್ವಲ್ಪ ಕಾಳುಕಾಳಾದರೂ ನಡೆಯುತ್ತದೆ, ಅಲುಗಿದರೆ ಕಥೆ ಮುಗಿಯಿತು. ಹಕ್ಕಿ ಕಪ್ಪು, ಆಕಾಶ ಬಿಳಿ. ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಎರಡರಷ್ಟಾಗುವಂತೆ, ಏರಿಸದಿದ್ದರೆ ಕಾಜಾಣ ಮಸಿಯ ಚುಕ್ಕೆಯಾಗುತ್ತದೆ.

ನೆಗೆಯುವ ಮುನ್ನವೇ ಸುಳಿವು ಹಿಡಿಯುವ ಅಭ್ಯಾಸಕ್ಕೆ ಬೀದಿಯ ನಾಯಿಮರಿಗಳಿಗಿಂತ ಒಳ್ಳೆಯ ಗುರುಗಳಿಲ್ಲ, ಮೊಬೈಲ್ ಇದ್ದರೂ ಸಾಕು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿತೆಂದರೆ ಆಟಕ್ಕೆ ಕರೆ ಬಂತು, ಮರುಗಳಿಗೆ ನೆಗೆತ. ನೀವೂ ಮೊಣಕೈ ಊರಿ ಮರಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ತಾಯಿನಾಯಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಅದು ಎರಗಿದರೆ ಆಟಕ್ಕಲ್ಲ.

ಗೂಡಿನ ಬಳಿ ಸುಳಿದಾಡಿ ಕಾಜಾಣವನ್ನು ಕೆರಳಿಸಿ ಚಿತ್ರ ತೆಗೆಯುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಹಕ್ಕಿ ನಿಮ್ಮ ತಲೆಯ ಮೇಲೇ ಎರಗತೊಡಗಿದರೆ ಗೂಡು ಸಮೀಪದಲ್ಲಿದೆ ಎಂದರ್ಥ. ಹಿಂದೆ ಸರಿದು ಉದ್ದದ ಲೆನ್ಸ್ ಹಾಕಿಕೊಳ್ಳಿ.