ಮೊರೇರ ಮನೆಗೆ ಬಂದ ನೆಂಟ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಳಿಯ ಬೆಟ್ಟದ ಮೇಲೆ, ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳಂಥ ರಚನೆಗಳಿವೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಪುರಾತತ್ವಜ್ಞರಿಗೆ ಅವು ಬೃಹತ್ ಶಿಲಾಯುಗದ ಸಮಾಧಿಗಳು. 2021ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಊರವರ ಕತೆಯಲ್ಲಿ ಅವು ಮೊರೇರೆಂಬ ಕುಳ್ಳರ ಮನೆಗಳು. ಮಕ್ಕಳಿಗೊಂದು ಚಿತ್ರಕತೆ ಬರೆಯುವಾಗ ನಾನು ಊರವರ ಮಾತನ್ನೇ ಹಿಡಿದೆ. ಮೂರಡಿಯ ಮೊರೇರ ಮನೆಗೆ ಐದೂವರೆ ಅಡಿಯ ನೆಂಟನೊಬ್ಬ ಬರುತ್ತಾನೆ.

ಮೊದಲು ತಪ್ಪು ಮಾಡಿದೆ. ನೆಂಟನ ತಲೆ ತಾಗದಿರಲೆಂದು ಚಾವಣಿಯನ್ನು ಎತ್ತರಿಸುತ್ತಲೇ ಹೋದೆ. ಮನೆ ನಮ್ಮ ಮನೆಯಂತಾಯಿತು. ಮೊರೇರೇ ಅಲ್ಲಿ ಪರಕೀಯರಾಗಿ ಕಂಡರು. ಯಾರ ಮನೆಗೆ ಯಾರು ಬಂದದ್ದೆಂದೇ ತಿಳಿಯುತ್ತಿರಲಿಲ್ಲ. ಅಷ್ಟೂ ಚಿತ್ರಗಳನ್ನು ಹರಿದೆ.

ಆಮೇಲೆ ಅಡಿಗೊಂದು ಅಂಗುಲದ ಲೆಕ್ಕದಲ್ಲಿ ರಟ್ಟಿನ ಮನೆ ಕಟ್ಟಿದೆ. ನೆಂಟನನ್ನೂ ರಟ್ಟಿನಲ್ಲೇ ಕತ್ತರಿಸಿ, ಸೊಂಟಕ್ಕೂ ಮಂಡಿಗೂ ದಾರದ ಗಂಟು ಹಾಕಿದೆ. ಕುರ್ಚಿಯ ಮೇಲೆ ಕೂರಿಸಿದರೆ ನೆತ್ತಿ ನೆಲದಿಂದ ನಾಲ್ಕು ಅಂಗುಲ ದಾಟಿ ಚಾವಣಿಗೆ ತಾಗಿತು. ಕುರ್ಚಿ ತೆಗೆದು ನೆಲಕ್ಕೆ ಕೂರಿಸಿದೆ. ಮೂರಂಗುಲವೂ ಆಗಲಿಲ್ಲ! ಎದುರು ನಿಂತ ಮೊರೇರಜ್ಜಿಯ ಕಣ್ಣಿಗೂ ಕೂತ ನೆಂಟನ ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಮಟ್ಟ. ಒಂದು ಚಾಪೆ ಇಡೀ ಮನೆಯನ್ನು ಉಳಿಸಿಕೊಟ್ಟಿತು. ಅಂದು ನನಗಾದ ಸಂತೋಷವನ್ನು ಹೇಳಲಾರೆ.

ಬಾಗಿಲು ದುಂಡಗೆ, ಎರಡಡಿಯದ್ದೇ ಉಳಿಯಿತು. ನೆಂಟ ಅಂಬೆಗಾಲಿಟ್ಟು ಬರಬೇಕು. ಮಂಡಿ ತರಚದಿರಲೆಂದು ಅಜ್ಜಿ ಹೊಸ್ತಿಲ ಮೇಲೆ ಮಡಿಸಿದ ಕಂಬಳಿ ಹಾಸುತ್ತಾಳೆ. ಕತೆಯಲ್ಲಿ ನನಗೆ ಅತಿ ಪ್ರಿಯವಾದ ಪುಟ ಅದು.

ನೀರಿನ ಲೆಕ್ಕವೂ ಕೈಕೊಟ್ಟಿತ್ತು. ಅವರ ಚೊಂಬಿನ ಎತ್ತರ, ಅಗಲ ನಮ್ಮದರ ಅರ್ಧದಷ್ಟಾದರೆ ಹಿಡಿಯುವ ನೀರು ಎಂಟನೆಯ ಒಂದು ಪಾಲು ಮಾತ್ರ. ಒಂದು ಗುಟುಕಿಗೆ ಮುಗಿಯಿತು. ಆದ್ದರಿಂದ ಅವರ ಕೊಡವನ್ನೇ ನೆಂಟನ ಕೈಗೆ ಕೊಡಿಸಿದೆ.

ಉಳಿದದ್ದು ಮಲಗುವುದು. ಕೂತವನನ್ನು ಮಡಿಸಬಹುದು, ಮಲಗಿದವನು ಐದೂವರೆ ಅಡಿಯೇ. ಕೋಣೆಯೋ ನಾಲ್ಕಡಿ ಉದ್ದ, ನಾಲ್ಕಡಿ ಅಗಲ. ಅಂಗಳದಲ್ಲಿ ಮಲಗಿಸಲು ಮನಸ್ಸು ಒಪ್ಪಲಿಲ್ಲ. ಮೂಲೆಯಿಂದ ಮೂಲೆಗೆ ಅಳತೆಪಟ್ಟಿ ಇಟ್ಟು ನೋಡಿದೆ: ಐದಡಿ ಎಂಟು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ನೆಂಟ ಓರೆಯಾಗಿ ಮಲಗಿದ. ಅವನ ಎಡಮಗ್ಗುಲ ಮೂಲೆಯಲ್ಲಿ ಅಜ್ಜಿ, ಬಲಮಗ್ಗುಲ ಮೂಲೆಯಲ್ಲಿ ಅಜ್ಜ.